ಅಟ್ಟ ಖಾಲಿ ಮಾಡಿ ತಂದ ಕಾರು

ನಮ್ಮ ಕಾರು ಮಾರಿ ಎಂಟು ತಿಂಗಳಾಯಿತು. ಇವತ್ತಿಗೂ ತಿಪಟೂರಿನ ನನ್ನ ಹೊಲಿಗೆ ಅಂಗಡಿಗೆ ಬರುವ ಗುರುತಿನವರು ರವಿಕೆಯ ಅಳತೆ ಕೊಡುವುದಕ್ಕೆ ಮುಂಚೆ ದನಿ ಇಳಿಸಿ ಕೇಳುತ್ತಾರೆ. "ಏನಮ್ಮಾ, ಕಾರ್ ಕೊಟ್ಬುಟ್ರಂತೆ? ಏನಾದ್ರೂ ತೊಂದ್ರೆ ಬಂತಾ?" ಸಾವಿನ ಮನೆಯಲ್ಲಿ ಮಾತಾಡಿಸುವ ದನಿ ಅದು. ತೊಂದರೆ ಬಂದದ್ದು ಕಾರು ತಂದ ದಿನ, ಕೊಟ್ಟ ದಿನ ಅಲ್ಲ ಅಂದರೆ ನಗುತ್ತಾರೆ. ತಮಾಷೆ ಮಾಡುತ್ತಿದ್ದೇನೆ ಅಂದುಕೊಳ್ಳುತ್ತಾರೆ. ಅದಕ್ಕೇ ಒಂದು ಸಲ ಪೂರ್ತಿ ಬರೆದುಬಿಡೋಣ ಅನ್ನಿಸಿತು. ಸಿಟ್ಟು ಇಳಿದ ಮೇಲೆ ಬರೆಯೋಣ ಅಂತ ಇಷ್ಟು ದಿನ ಕಾದೆ. ಇಳಿಯಲಿಲ್ಲ.

ನಮ್ಮೂರು ತಿಪಟೂರಿಂದ ತುರುವೇಕೆರೆಗೆ ಹೋಗುವ ರಸ್ತೆಯಿಂದ ಎರಡು ಮೈಲಿ ಒಳಗಿದೆ. ಅರವತ್ತು ಎಪ್ಪತ್ತು ಮನೆ, ಎತ್ತ ನೋಡಿದರೂ ತೆಂಗು. ನನ್ನ ಯಜಮಾನರು ತೋಟ ನೋಡಿಕೊಳ್ಳುತ್ತಾರೆ. ನಾನು ಮದುವೆಯಾಗಿ ಬಂದ ಮೂರನೇ ವರ್ಷದಿಂದ ತಿಪಟೂರಿನಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ನಮ್ಮ ಕಡೆ ಕಾಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಮುಟ್ಟುವುದಿಲ್ಲ. ಚಿಪ್ಪಿನೊಳಗೇ ಒಣಗಿ ಅಲ್ಲಾಡಿಸಿದರೆ ಗಡಗಡ ಅನ್ನುವಷ್ಟು ಕೊಬ್ಬರಿಯಾದ ಮೇಲೆ ಇಳಿಸಿ, ಸುಲಿಸಿ, ಮಾರ್ಕೆಟ್ಟಿಗೆ ಹಾಕುತ್ತೇವೆ. ಅಟ್ಟ ತುಂಬಿದ್ದರೆ ಮನೆಗೆ ಒಂದು ಧೈರ್ಯ. ಎರಡು ವರ್ಷದ ಕೊಬ್ಬರಿ ಹಾಗೇ ಇಟ್ಟುಕೊಂಡಿದ್ದಾಗ, ಯಾರೂ ನೆನೆಸದಿದ್ದ ಬೆಲೆ ಬಂತು.

ಆ ವರ್ಷ ನಮ್ಮೂರಿಗೆ ಕಾರುಗಳು ಒಂದರ ಹಿಂದೆ ಒಂದು ಬಂದವು. ಮೊದಲು ತಂದದ್ದು ನನ್ನ ಯಜಮಾನರ ದೊಡ್ಡಪ್ಪನ ಮಗ. ನಾನು ಅವರನ್ನು ಭಾವ ಅನ್ನುತ್ತೇನೆ. ಬಿಳೀ ಬಣ್ಣದ ದೊಡ್ಡ ಕಾರು, ನಮ್ಮ ಬೀದಿಯಲ್ಲಿ ತಿರುಗಿಸಬೇಕಾದರೆ ಇಬ್ಬರು ಮುಂದೆ ನಿಂತು ಕೈ ಆಡಿಸಬೇಕು. ಅದು ಬಂದ ದಿನದಿಂದ ಇವರಿಗೆ ಮನೆಯ ಊಟ ರುಚಿಸದೆ ಹೋಯಿತು.

"ನಾವೂ ಒಂದ್ ತಗಳಣ ಕಣೇ," ಅಂದರು.

"ಯಾವ ಊರಿಗೆ ಹೋಗಕ್ಕೆ?" ಅಂದೆ.

"ಊರಿಗೆ ಹೋಗಕ್ಕೆ ಅಂತಲ್ಲ. ಮನೆ ಮುಂದೆ ಒಂದ್ ಇರ್ಬೇಕು. ನಾವೇನು ಕಮ್ಮಿ?"

ನನಗೆ ಬೇಕಾಗಿದ್ದದ್ದು ಅಂಗಡಿಗೆ ಎರಡು ಕರೆಂಟಿನ ಮಿಷನ್ನು. ಇಪ್ಪತ್ತೆರಡು ವರ್ಷ ಕಾಲಲ್ಲಿ ತುಳಿದು ತುಳಿದು ಮಂಡಿ ಊದಿಕೊಂಡಿತ್ತು. ಹೇಳಿದೆ. "ಅದೂ ತಗಳಣ," ಅಂದರು. ಆ 'ಅದೂ' ಅನ್ನುವ ಮಾತಿಗೆ ನಾನು ಸುಮ್ಮನಾದೆ. ಈಗ ನೆನೆಸಿಕೊಂಡರೆ ಅವರ ಮೇಲೆ ಬರುವ ಸಿಟ್ಟಿಗಿಂತ ನನ್ನ ಮೇಲೇ ಜಾಸ್ತಿ ಬರುತ್ತದೆ. ಅಟ್ಟ ಪೂರ್ತಿ ಇಳಿಸಿದರು. ಬಂದ ದುಡ್ಡಿಗೆ ತುಮಕೂರಿನಿಂದ ಒಂದು ಸೆಕೆಂಡ್ ಹ್ಯಾಂಡ್ ಕಾರು ಬಂತು, ಬೂದು ಬಣ್ಣದ್ದು, ಡೀಸೆಲ್ಲು. ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಮುಂದೆ ವಿಭೂತಿ ಬಳಿದು, ಹೂವಿನ ಹಾರ ಹಾಕಿ ಪೂಜೆ ಮಾಡಿದ್ದು ನಾನೇ. ಮಿಷನ್ನಿನ ಸುದ್ದಿ ಮತ್ತೆ ಬರಲಿಲ್ಲ.

ಇವರು ಕೆರೆ ಅಂಗಳದಲ್ಲಿ ಒಂದು ತಿಂಗಳು ಕಾರು ಓಡಿಸುವುದು ಕಲಿತರು. ಕೆರೆಯಲ್ಲಿ ನೀರಿರಲಿಲ್ಲ, ಊರಿನ ಹೊಸ ಕಾರಿನವರೆಲ್ಲ ಅಲ್ಲೇ ಕಲಿತದ್ದು. ಸಂಜೆಯಾದರೆ ಸಾಕು, ನಾಲ್ಕೈದು ಕಾರು ಧೂಳೆಬ್ಬಿಸಿಕೊಂಡು ಗುಂಡಗೆ ಸುತ್ತುತ್ತಿದ್ದವು. ದನ ಮೇಯಿಸುವವರು ಏರಿ ಮೇಲೆ ನಿಂತು ಬೈಯುತ್ತಿದ್ದರು.

ಮುಂದಿನ ವರ್ಷ ಯುಗಾದಿ ಕಳೆದ ಮೇಲೆ ನಮ್ಮೂರಿನ ಬಸ್ಸು ನಿಂತುಹೋಯಿತು. ಬೆಳಿಗ್ಗೆ ಎಂಟೂವರೆಗೆ ಬರುತ್ತಿದ್ದ ಖಾಸಗಿ ಬಸ್ಸು ಅದು. ನಾನು ಅಂಗಡಿ ಇಟ್ಟಾಗಿನಿಂದ ಅದರಲ್ಲೇ ಹೋಗುತ್ತಿದ್ದೆ. ಡ್ರೈವರ್ ಹಿಂದಿನ ಕಿಟಕಿ ಸೀಟು ನನ್ನದು ಅಂತ ಕಂಡಕ್ಟರಿಗೂ ಗೊತ್ತಿತ್ತು. ನಾನು ತಡವಾದರೆ ಡ್ರೈವರ್ ಎರಡು ಸಲ ಹಾರನ್ ಹೊಡೆದು ಕಾಯುತ್ತಿದ್ದ. ಒಂದು ಸೋಮವಾರ ಬರಲಿಲ್ಲ. ಕೆಟ್ಟಿರಬೇಕು ಅಂದುಕೊಂಡೆವು. ಮಂಗಳವಾರವೂ ಇಲ್ಲ. ಅಂಗನವಾಡಿ ಟೀಚರ್, ಬ್ಯಾಂಕಿನಲ್ಲಿ ಕಸ ಗುಡಿಸುವ ಹೆಂಗಸು, ಹೂವು ಮಾರುವ ಅಜ್ಜಿ, ನಾನು, ನಾಲ್ಕೇ ಜನ ಅರಳಿಕಟ್ಟೆಯ ಹತ್ತಿರ ನಿಂತು ನಿಂತು, ಕೊನೆಗೆ ಮೇನ್ ರೋಡಿನವರೆಗೆ ನಡೆದೆವು.

ಗುರುವಾರ ನಾನು ಬಸ್ಸಿನ ಓನರ್ ಮನೆಗೇ ಹೋದೆ. ವಯಸ್ಸಾದವರು, ಜಗಲಿಯ ಮೇಲೆ ಕಾಲು ಚಾಚಿ ಕೂತು ಪೇಪರ್ ಓದುತ್ತಿದ್ದರು. ಕೂತ್ಕೊಳಮ್ಮ ಅಂದರು. ನಾನು ಕೂರಲಿಲ್ಲ. ಹಿಂಗೆ ಹೇಳದೆ ಕೇಳದೆ ಬಸ್ ನಿಲ್ಲಿಸಿದರೆ ನಾವು ಏನು ಮಾಡಬೇಕು ಅಂತ ಜೋರಾಗೇ ಕೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ನಿಮ್ಮನೇಲಿ ಕಾರಿಲ್ವೇನಮ್ಮ?"

ಇದೆ ಅಂತ ತಲೆಯಾಡಿಸಿದೆ. ಅವರು ಪೇಪರ್ ಮಡಚಿಟ್ಟರು.

"ನಿಮ್ಮೂರಲ್ಲಿ ಗಂಡಸ್ರೆಲ್ಲ ಕಾರು, ಹುಡುಗ್ರೆಲ್ಲ ಬೈಕು. ಬೆಳಿಗ್ಗೆ ನಾಕ್ ಜನ ಹತ್ತೀರ, ಸಂಜೆ ಮೂರ್ ಜನ ಇಳೀತೀರ. ಡೀಸೆಲ್ಲಿಗೇ ಸಾಲಲ್ಲ. ನಾನು ಯಾರಿಗೆ ಅಂತ ಓಡ್ಸಲವ್ವ?"

ವಾಪಸ್ಸು ಬರುವಾಗ ದಾರಿಯುದ್ದಕ್ಕೂ ಅದೇ ಮಾತು ಕಿವಿಯಲ್ಲಿ. ಆ ಯಜಮಾನ ಸುಳ್ಳು ಹೇಳಿರಲಿಲ್ಲ. ಇಷ್ಟು ವರ್ಷ ನನ್ನನ್ನು ಹೊತ್ತು ಓಡಾಡಿದ ಬಸ್ಸನ್ನು ನಿಲ್ಲಿಸಿದವರಲ್ಲಿ ನನ್ನ ಮನೆಯವರೂ ಇದ್ದರು. ಆ ಕಾರಿಗೆ ಆರತಿ ಎತ್ತಿದವಳು ನಾನು.

ಹೋಗಲಿ, ಕಾರಿದೆಯಲ್ಲ, ಬೆಳಿಗ್ಗೆ ಅಂಗಡಿಗೆ ಬಿಡಿ ಅಂದೆ ಇವರಿಗೆ. ಒಂದು ತಿಂಗಳು ಬಿಟ್ಟರು. ಉಳಿದ ಮೂವರು ಹೆಂಗಸರನ್ನೂ ಹತ್ತಿಸಿಕೊಳ್ಳುತ್ತಿದ್ದೆ. ಹೂವಿನ ಅಜ್ಜಿ ಬುಟ್ಟಿಯ ನೀರು ಸೀಟಿಗೆ ತಾಗದ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದಳು. ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಇವರು ಹಾಸಿಗೆಯಿಂದ ಏಳದೆ ಅಂದರು, "ದಿನಾ ಒಬ್ಳನ್ನ ಬಿಡಕ್ಕೆ ಅಷ್ಟ್ ದೂರ ಕಾರ್ ತೆಗುದ್ರೆ ಗಿಟ್ಟಕಿಲ್ಲ ಕಣೇ. ಡೀಸೆಲ್ ರೇಟ್ ಏನಾಗದೆ ಗೊತ್ತಾ?"

ಗಿಟ್ಟುವುದಿಲ್ಲವಂತೆ! ನಾದಿನಿಯ ಮನೆಯವರು ಸಂಪಿಗೆಯ ದೇವಸ್ಥಾನಕ್ಕೆ ಹೋಗಬೇಕು ಅಂದಾಗ ಗಿಟ್ಟುತ್ತಿತ್ತು. ಅವರ ಮಕ್ಕಳು ಬೋರನಕಣಿವೆ ಡ್ಯಾಮ್ ನೋಡಬೇಕು ಅಂದಾಗ ಗಿಟ್ಟುತ್ತಿತ್ತು. ಯಾರದೋ ಷಡ್ಡಕನ ಮಗನ ಲಗ್ನಪತ್ರಿಕೆ ಹಂಚುವುದಕ್ಕೆ ಮೂರು ದಿನ ಕಾರು ಕೊಟ್ಟು, ಖಾಲಿ ಟ್ಯಾಂಕಿನಲ್ಲಿ ವಾಪಸ್ಸು ಬಂದಾಗಲೂ ಗಿಟ್ಟಿತ್ತು. ಬೋರನಕಣಿವೆಯಿಂದ ಬಂದ ಕಾರಿನ ಹಿಂದಿನ ಸೀಟಿನಲ್ಲಿ ಮಗು ವಾಂತಿ ಮಾಡಿಕೊಂಡಿತ್ತು. ಅದನ್ನು ತೊಳೆದವಳು ನಾನು, ಸೋಪಿನ ಪುಡಿ ಹಾಕಿ, ನಿಂಬೆಸಿಪ್ಪೆ ಉಜ್ಜಿ. ನಾನು ದುಡಿಯುವುದಕ್ಕೆ ಹೋಗುವಾಗ ಮಾತ್ರ ಆ ಕಾರು ದುಬಾರಿ. ಟಾರ್ಪಾಲು ಹೊದ್ದುಕೊಂಡು ನಿಂತಿದ್ದ ಅದರ ಪಕ್ಕದಲ್ಲೇ ಚಪ್ಪಲಿ ಮೆಟ್ಟಿಕೊಂಡು ಎರಡು ಮೈಲಿ ನಡೆಯುತ್ತಿದ್ದೆ. ಮಂಡಿ ನೋವು ಬೇರೆ.

ನಿಂತೇ ಇದ್ದರೂ ಅದರ ಖರ್ಚು ನಿಲ್ಲಲಿಲ್ಲ. ಮೊದಲು ಕೊಬ್ಬರಿ ಶೆಡ್ಡಿನಲ್ಲಿ ನಿಲ್ಲಿಸುತ್ತಿದ್ದರು. ಕೊಬ್ಬರಿ ಇರುವ ಕಡೆ ಇಲಿ ಇರದೆ ಇರುತ್ತದೆಯೇ? ಒಂದು ದಿನ ಚಾವಿ ತಿರುಗಿಸಿದರೆ ಸದ್ದೇ ಇಲ್ಲ. ಮೆಕ್ಯಾನಿಕ್ ಬಂದು ಬಾನೆಟ್ ಎತ್ತಿ, ಒಂದು ಹಿಡಿ ತೆಂಗಿನ ನಾರು, ಕಡಿದ ವೈರಿನ ಚೂರು ತೆಗೆದು ತೋರಿಸಿದ. ಇಲಿ ಅಲ್ಲೇ ಗೂಡು ಕಟ್ಟಿಕೊಂಡಿತ್ತು. "ಹೊಗೆಸೊಪ್ಪು ಕಟ್ಟಿ, ನುಸಿಗುಳಿಗೆ ಹಾಕಿ," ಅಂದ. ಹಾಕಿದೆವು. ನುಸಿಗುಳಿಗೆ ವಾಸನೆಗೆ ಕಾರೊಳಗೆ ನಾವು ಕೂರುವ ಹಾಗಿರಲಿಲ್ಲ, ಇಲಿ ಇತ್ತು. ಇನ್ನೆರಡು ಸಲ ವೈರು ಕಡಿದ ಮೇಲೆ ಶೆಡ್ಡು ಬೇಡ ಅಂತ ಅಂಗಳಕ್ಕೆ ತಂದರು. ಅಂಗಳದಲ್ಲಿ ಮರವಿಲ್ಲದ ಜಾಗ ಎಲ್ಲಿದೆ? ಆಷಾಢದ ಗಾಳಿಗೆ ಒಂದು ಕಾಯಿ ಬಿದ್ದು ಮುಂದಿನ ಗಾಜು ಜೇಡರ ಬಲೆಯ ಹಾಗೆ ಬಿರುಕು ಬಿಟ್ಟಿತು. ಇನ್ಷೂರೆನ್ಸಿನವನಿಗೆ ಫೋನ್ ಮಾಡಿದರೆ, ನಿಮ್ಮದು ಎದುರಿನವರಿಗೆ ಪೆಟ್ಟಾದರೆ ಮಾತ್ರ ಕೊಡುವ ಪಾಲಿಸಿ, ತೆಂಗಿನಕಾಯಿ ಬಿದ್ದರೆ ಬರಲ್ಲ ಅಂದ. ಗಾಜು ಹಾಕಿಸಿದ್ದು ಶ್ರಾವಣದಲ್ಲಿ ನಾನು ಹೊಲಿದ ರವಿಕೆಗಳ ದುಡ್ಡಿನಲ್ಲಿ. ಅದಾದ ಮೇಲೆ ಇವರು ಮರ ಹತ್ತುವವನನ್ನು ಕರೆಸಿ, ಕಾರಿನ ಮೇಲಿದ್ದ ಎರಡು ಮರದ ಎಳೆಗಾಯಿಗಳನ್ನೆಲ್ಲ ಕೆಡವಿಸಿದರು. ತೆಂಗು ಬೆಳೆಯುವವನು ಕಾರಿಗೆ ಹೆದರಿ ಎಳೆಗಾಯಿ ಕೆಡವಿಸುವುದನ್ನು ನಾನು ಅವತ್ತೇ ನೋಡಿದ್ದು.

ಇಷ್ಟನ್ನೂ ನುಂಗಿಕೊಂಡಿದ್ದೆ. ಅವ್ವನ ಕಣ್ಣಿನ ವಿಷಯ ನುಂಗಲಾಗಲಿಲ್ಲ.

ನನ್ನ ತವರು ಹುಳಿಯಾರಿನ ಹತ್ತಿರ ಕೆಂಕೆರೆ. ಅವ್ವ ಅಲ್ಲಿ ನನ್ನ ತಮ್ಮನ ಸಂಸಾರದ ಜೊತೆ ಇದ್ದಾಳೆ. ಕಳೆದ ಬೇಸಿಗೆಯಲ್ಲಿ ಅವಳ ಬಲಗಣ್ಣಿನ ಪೊರೆ ತೆಗೆಸಿದೆವು, ತಿಪಟೂರಿನಲ್ಲಿ. ನಾಲ್ಕು ದಿನ ನಮ್ಮ ಮನೆಯಲ್ಲೇ ಇಟ್ಟುಕೊಂಡು ನೋಡಿಕೊಂಡೆ. ಐದನೇ ದಿನ ಡಾಕ್ಟರು ನೋಡಿ, ಚೆನ್ನಾಗಿದೆ, ಊರಿಗೆ ಕರೆದುಕೊಂಡು ಹೋಗಿ, ಧೂಳಿಗೆ ಮಾತ್ರ ಬಿಡಬೇಡಿ ಅಂದರು. ಹುಳಿಯಾರಿಗೆ ನೇರ ಬಸ್ಸಿದೆ, ಮುಂದಿನ ಸೀಟಲ್ಲಿ ಕೂರಿಸಿಕೊಂಡು ಹೋಗುತ್ತೇನೆ ಅಂದೆ ನಾನು. ಇವರು ಕೇಳಲಿಲ್ಲ.

"ಮನೇಲಿ ಕಾರ್ ಇಟ್ಕೊಂಡು ಅತ್ತೇನ ಬಸ್ಸಲ್ಲಿ ಕಳುಸುದ್ರೆ ಕೆಂಕೆರೆಯೋರು ನನ್ನ ಏನಂತ ತಿಳ್ಕಂತಾರೆ?"

ಚಿಕ್ಕನಾಯಕನಹಳ್ಳಿ ದಾಟಿ ಸ್ವಲ್ಪ ದೂರ ಹೋಗಿದ್ದೆವು, ಬಾನೆಟ್ಟಿನಿಂದ ಹಬೆ ಏಳತೊಡಗಿತು. ಇವರು ಗಾಡಿ ಪಕ್ಕಕ್ಕೆ ಹಾಕಿ ಇಳಿದರು. ಮಧ್ಯಾಹ್ನ ಹನ್ನೆರಡೂವರೆ. ಅಲ್ಲೊಂದು ಹುಣಸೆಮರ ಇತ್ತು, ಪುಣ್ಯ. ಕಪ್ಪು ಕನ್ನಡಕ ಹಾಕಿಕೊಂಡಿದ್ದ ಅವ್ವನನ್ನು ಕೈ ಹಿಡಿದು ಇಳಿಸಿ, ಅದರ ಬೇರಿನ ಮೇಲೆ ಕೂರಿಸಿ, ಸೆರಗನ್ನು ಮುಖದ ತುಂಬ ಎಳೆದೆ. ಕುಡಿಯುವ ನೀರಿನ ಬಾಟಲಿಯನ್ನು ಇವರು ಹೇಳದೆ ಕೇಳದೆ ತೆಗೆದುಕೊಂಡು ಹೋಗಿ ರೇಡಿಯೇಟರಿಗೆ ಸುರಿದರು. ಹೊಯ್ದದ್ದೆಲ್ಲ ಕೆಳಗೆ ಸೋರಿ ಹೋಯಿತು. ಮೆಕ್ಯಾನಿಕ್ಕಿಗೆ ಫೋನ್ ಮಾಡಿದರು. "ಸಂಜೆ ಮೇಲೆ ಬತ್ತೀನಿ ಅಣ್ಣ, ಸ್ಟಾರ್ಟ್ ಮಾತ್ರ ಮಾಡ್ಬೇಡಿ," ಅಂದನಂತೆ.

ಒಂದು ಬಸ್ಸು ಬಂತು. ನಾನು ರಸ್ತೆಗೆ ಓಡಿ ಕೈ ಅಡ್ಡ ಹಾಕಿದೆ. ಬಾಗಿಲಲ್ಲಿ ಜನ ಜೋತಾಡುತ್ತಿದ್ದರು, ನಿಲ್ಲಿಸಲಿಲ್ಲ. ಎರಡು ಮೂರು ಕಾರು ಹೋದವು, ಒಂದೊಂದರಲ್ಲಿ ಒಬ್ಬೊಬ್ಬರೇ ಕೂತಿದ್ದರು. ನಿಧಾನ ಮಾಡಿ ನೋಡಿಕೊಂಡು ಹೋದರು. ಒಂದೂವರೆ ಗಂಟೆ ಹೀಗೇ ಕಳೆಯಿತು. ಇವರು ಕಾರಿನ ಸುತ್ತ ಸುತ್ತುತ್ತಲೇ ಇದ್ದರು, ಒಂದು ಸಲವೂ ಮರದ ಹತ್ತಿರ ಬಂದು ಅತ್ತೆ ಹೇಗಿದ್ದೀರಿ ಅನ್ನಲಿಲ್ಲ. ಅವ್ವ ಸೆರಗಿನೊಳಗಿಂದಲೇ ಅಂದಳು, "ನಿಮ್ಮಪ್ಪನೂ ಎತ್ತು ಮಲಗ್ದಾಗ ಹಿಂಗೇ ಸುತ್ತೋರು ಕಣೇ. ಎತ್ತಿಗೆ ಜೀವ ಇತ್ತು, ಸರಿ."

ಕೊನೆಗೆ ನಿಲ್ಲಿಸಿದ್ದು ತೆಂಗಿನ ಮಟ್ಟೆ ತುಂಬಿಕೊಂಡು ಹೋಗುತ್ತಿದ್ದ ಒಂದು ಲಗೇಜ್ ಆಟೋ. ಡ್ರೈವರ್ ಪಕ್ಕದಲ್ಲಿ ಒಬ್ಬರಿಗೆ ಜಾಗ, ಹಿಂದೆ ಮಟ್ಟೆಯ ಮೇಲೆ ಬೇಕಾದರೆ ಕೂರಬಹುದು ಅಂದ. ಆ ಆಟೋಗೆ ಬಾಗಿಲೂ ಇರಲಿಲ್ಲ. ಧೂಳು ಹೊಡೆಯುತ್ತದೆ ಅಂತ ನನಗೆ ಗೊತ್ತಿತ್ತು. ಆದರೆ ಆ ಬಿಸಿಲಿನಲ್ಲಿ, ಕುಡಿಯುವುದಕ್ಕೆ ನೀರೂ ಇಲ್ಲದೆ, ಸಂಜೆಯವರೆಗೆ ಎಪ್ಪತ್ತೆರಡು ವರ್ಷದ ಅವಳನ್ನು ಹೇಗೆ ಕೂರಿಸಿಕೊಂಡಿರಲಿ?

"ಬನ್ನಿ, ಹೋಗಣ," ಅಂದೆ ಇವರಿಗೆ. "ನೀವು ಹಿಂದೆ ಮಟ್ಟೆ ಮೇಲೆ ಕೂತ್ಕಳಿ, ನಾನೂ ಕೂತ್ಕತೀನಿ. ಕಾರ್ ಲಾಕ್ ಮಾಡಿ."

"ಕಾರ್ ಬುಟ್ಟು ಹೆಂಗ್ ಬರ್ಲಿ? ಟೈರ್ ಬಿಚ್ಕೊಂಡ್ ಹೋಯ್ತಾರೆ. ನೀವ್ ಹೋಗ್ರಿ."

"ಹುಳಿಯಾರಲ್ಲಿ ಇಳುದ್ರೆ ಅವ್ವನ್ನ ಹಿಡ್ಕಳಕ್ಕೆ ಇನ್ನೊಬ್ರು ಬೇಕಲ್ರೀ. ನಾನೊಬ್ಳೇ ಹೆಂಗ್ ನೋಡ್ಕಳ್ಲಿ?"

ಅವರು ಕಾರಿನ ಕಡೆ ನೋಡಿದರು. ಆಮೇಲೆ ಆಟೋದವನಿಗೆ, "ನಿಧಾನಕ್ಕೆ ಹೋಗಪ್ಪ," ಅಂದರು. ಅಷ್ಟೇ.

ಅವತ್ತು ಆ ಮಟ್ಟೆಗಳ ಮೇಲೆ ಹಗ್ಗ ಹಿಡಿದು ಕೂತಾಗ ನನಗೆ ಅಳು ಬರಲಿಲ್ಲ. ಮೈಯೆಲ್ಲ ಉರಿಯುತ್ತಿತ್ತು. ಮಟ್ಟೆಯ ನಾರು ಗಾಳಿಗೆ ಹಾರಿ ಹಾರಿ ಮುಖಕ್ಕೆ ಹೊಡೆಯುತ್ತಿತ್ತು. ಮುಂದೆ ಅವ್ವ ಎರಡೂ ಕೈಯಲ್ಲಿ ಕನ್ನಡಕ ಒತ್ತಿ ಹಿಡಿದು ತಲೆ ತಗ್ಗಿಸಿಕೊಂಡು ಕೂತಿದ್ದಳು. ತಿರುಗಿ ನೋಡಿದೆ. ದೂರದಲ್ಲಿ ಇವರು ಕಾರಿಗೆ ಒರಗಿಕೊಂಡು, ಟವೆಲಿನಲ್ಲಿ ಅದರ ಬಾನೆಟ್ ಒರೆಸುತ್ತಿದ್ದರು. ಅದನ್ನು ನಾನು ಮರೆಯುವುದಿಲ್ಲ. ಬೇರೆ ಏನನ್ನಾದರೂ ಮರೆತೇನು.

ಆಟೋದವನು ಹುಳಿಯಾರಿನಲ್ಲಿ ಇಳಿಸದೆ ಕೆಂಕೆರೆಯ ಮನೆ ಬಾಗಿಲವರೆಗೂ ಬಂದ. ದುಡ್ಡು ಕೊಡಲು ಹೋದರೆ ಕೈ ಹಿಂದಕ್ಕೆ ತೆಗೆದುಕೊಂಡ. "ಅವ್ವನ ಕಣ್ಣಿಗೆ ದುಡ್ಡಾ? ಬುಡಿ ಅಕ್ಕ," ಅಂದು ಒಂದು ಚೊಂಬು ನೀರು ಕುಡಿದು ಹೋದ.

ಮೂರನೇ ದಿನಕ್ಕೆ ಅವ್ವನ ಕಣ್ಣು ಕೆಂಡದ ಹಾಗೆ ಕೆಂಪಾಯಿತು. ಮತ್ತೆ ತಿಪಟೂರಿಗೆ ತಂದೆವು, ಈ ಸಲ ಬಸ್ಸಿನಲ್ಲಿ. ಒಂದೂವರೆ ತಿಂಗಳು ಗಂಟೆಗೊಂದು ಸಲ ಡ್ರಾಪ್ಸ್. ಧೂಳಿನಿಂದ ಆಯಿತಾ ಅಂತ ಕೇಳಿದೆ. ಧೂಳಿನಿಂದಲೂ ಇರಬಹುದು, ಬೇರೆ ಕಾರಣವೂ ಇರಬಹುದು, ಹೀಗೇ ಅಂತ ಹೇಳೋಕಾಗಲ್ಲ ಅಂದರು ಡಾಕ್ಟರು. ಕಣ್ಣು ಉಳಿಯಿತು. ಆದರೆ ಆ ಕಣ್ಣಲ್ಲಿ ನೋಡಿದರೆ ಎಲ್ಲವೂ ಮಂಜಿನ ಹಿಂದೆ ಇದ್ದ ಹಾಗೆ ಕಾಣುತ್ತದಂತೆ. ಅವ್ವ ಅದನ್ನು ದೂರಿನ ಹಾಗೆ ಹೇಳುವುದಿಲ್ಲ. ಅಳಿಯಂದಿರ ಮುಂದೆ ಆ ಮಾತೇ ಎತ್ತಬೇಡ ಅಂತ ನನಗೇ ಹೇಳುತ್ತಾಳೆ. ಅವಳಿಗೆ ಸಿಟ್ಟಿಲ್ಲ. ಅವಳ ಪಾಲಿನದೂ ಸೇರಿ ನನಗೇ ಇದೆ.

ಕಾರನ್ನು ಬೇರೆ ಗಾಡಿಗೆ ಕಟ್ಟಿ ಎಳೆಸಿಕೊಂಡು ತಿಪಟೂರಿನ ಗ್ಯಾರೇಜಿಗೆ ತಂದರು. ಎಂಜಿನ್ ಇಳಿಸಬೇಕು ಅಂದ ಮೆಕ್ಯಾನಿಕ್. ಅವನು ಹೇಳಿದ ಮೊತ್ತ ಕೇಳಿ ಇವರು ಸಂಜೆ ಅಂಗಡಿಗೇ ಬಂದರು, ನಾನು ಬಾಗಿಲು ಹಾಕುವ ಹೊತ್ತಿಗೆ. ಮಿಷನ್ನಿಗೆ ಅಂತ ನಾನು ಕೂಡಿಟ್ಟದ್ದು ಅವರಿಗೆ ಗೊತ್ತಿತ್ತು.

"ಈ ಸಲ ಒಂದ್ ಕೊಡು. ಎಂಜಿನ್ ಹೊಸದಾಗೋದ್ರೆ ಇನ್ನ ಹತ್ತು ವರ್ಷ ನೋಡಂಗಿಲ್ಲ."

"ಕೊಡಲ್ಲ," ಅಂದೆ.

"ಯಾಕೆ?"

"ಅವತ್ತು ನೀವು ಯಾವ್ದನ್ನ ಕಾಯ್ತಾ ನಿಂತ್ಕಂಡ್ರಿ ಅಂತ ನಾನು ನೋಡಿದೀನಿ."

ಮುಖ ಕೆಂಪಗಾಯಿತು. "ಕಾರ್ ಏನ್ ನಂಗೊಬ್ಬನಿಗೇನಾ? ಮನೆ ಮಾನ ಅಲ್ವಾ?"

"ಮನೆ ಮಾನ ಆ ಬಿಸಿಲಲ್ಲಿ ಮಟ್ಟೆ ಗಾಡೀಲಿ ಕೂತ್ಕಂಡು ಹೋಯ್ತು ಕಣ್ರೀ. ನೀವು ತಗಡು ಒರೆಸ್ತಿದ್ರಿ."

ಮದುವೆಯಾದ ಇಷ್ಟು ವರ್ಷದಲ್ಲಿ ಅವರಿಗೆ ಅಂಥ ಮಾತು ಆಡಿರಲಿಲ್ಲ. ಪಕ್ಕದ ಬಳೆ ಅಂಗಡಿಯವರು ಹೊರಗೆ ಬಂದು ನೋಡಿದರು. ಇವರು ಹೊರಟುಹೋದರು. ನಾನು ಬಾಗಿಲಿಗೆ ಬೀಗ ಹಾಕಿ ಮೇನ್ ರೋಡಿಗೆ ಬಸ್ಸು ಹಿಡಿದು, ಉಳಿದ ಎರಡು ಮೈಲಿ ಎಂದಿನ ಹಾಗೆ ನಡೆದೆ.

ಎರಡು ತಿಂಗಳು ಕಾರು ಗ್ಯಾರೇಜಿನ ಬೇಲಿ ಪಕ್ಕ ನಿಂತಿತ್ತು. ಆಮೇಲೆ ಮೆಕ್ಯಾನಿಕ್ಕೇ ಒಬ್ಬ ಗಿರಾಕಿ ತೋರಿಸಿದ. ತಂದ ಬೆಲೆಯ ಕಾಲುಭಾಗವೂ ಬರಲಿಲ್ಲ. ನಾನು ಆ ದುಡ್ಡು ಕೇಳಲಿಲ್ಲ, ಅವರೂ ಕೊಡಲಿಲ್ಲ. ನಾನು ಕೂಡಿಟ್ಟದ್ದರಲ್ಲಿ ಒಂದು ಕರೆಂಟಿನ ಮಿಷನ್ ತಂದೆ. ಎರಡಲ್ಲ, ಒಂದು.

ಕಾರು ಇಟ್ಟುಕೊಳ್ಳುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ನಮ್ಮೂರಲ್ಲೇ ಒಬ್ಬರ ಮಗಳಿಗೆ ಕಾಲು ಬರುವುದಿಲ್ಲ, ಅವಳು ಕಾಲೇಜಿಗೆ ಹೋಗುವುದು ಅವರಪ್ಪನ ಕಾರಿನಿಂದ. ಆ ಕಾರಿನ ಒಂದೊಂದು ಪೈಸೆಯೂ ಸಾರ್ಥಕ. ಉಳಿದವರದೆಲ್ಲ ಏನು? ತಿಂಗಳಿಗೆ ಎರಡು ಸಲ ತೆಗೆಯುವುದಕ್ಕೆ ವರ್ಷವಿಡೀ ಸಾಕುವುದು. ಸಾಕಲಿ, ಅವರ ಕೊಬ್ಬರಿ, ಅವರ ಇಷ್ಟ. ಆದರೆ ಅವರ ಇಷ್ಟಕ್ಕೆ ನಮ್ಮ ಬಸ್ಸು ಹೋಯಿತು. ನಾವು ಕಾರು ಮಾರಿದೆವು ಅಂತ ಬಸ್ಸು ತಿರುಗಿ ಬರಲಿಲ್ಲ. ಕಾರಿದ್ದಾಗಲೂ ನಡೆದೆ, ಇಲ್ಲದಾಗಲೂ ನಡೆಯುತ್ತಿದ್ದೇನೆ. ಈಗ ನಾಲ್ಕು ಹೆಂಗಸರೂ ಸೇರಿ ಬೆಳಿಗ್ಗೆ ಒಂದು ಆಟೋ ಗೊತ್ತು ಮಾಡಿಕೊಂಡಿದ್ದೇವೆ. ಅವನಿಗೆ ದೊಡ್ಡ ಬಾಡಿಗೆ ಸಿಕ್ಕ ದಿನ ಬರುವುದಿಲ್ಲ, ಫೋನೂ ಎತ್ತುವುದಿಲ್ಲ, ಮತ್ತೆ ನಡಿಗೆಯೇ.

ಹೋದ ವಾರ ಅಂಗನವಾಡಿ ಟೀಚರ್ ಒಂದು ಅರ್ಜಿ ಬರೆದಳು, ನಮ್ಮೂರಿಗೆ ಸರ್ಕಾರಿ ಬಸ್ಸು ಬಿಡಿ ಅಂತ. ನಾನೂ ಅವಳೂ ಮನೆಮನೆಗೆ ಹೋಗಿ ಸಹಿ ಹಾಕಿಸಿದೆವು. ಹೆಂಗಸರೆಲ್ಲ ಹಾಕಿದರು. ಭಾವನ ಮನೆಯ ಮುಂದೆ ಈಗ ಎರಡು ಕಾರಿವೆ. ಅರ್ಜಿಯನ್ನು ಮೇಲಿಂದ ಕೆಳಗೆ ಓದಿ ವಾಪಸ್ಸು ಕೊಟ್ಟರು.

"ಬಸ್ ಬಂದ್ರೆ ಹೊಸ ರೋಡ್ ಎಲ್ಲ ಕಿತ್ತೋಯ್ತದೆ ಕಣಮ್ಮ. ಎಲ್ಲಾರ ಮನೇಲೂ ಗಾಡಿ ಇರುವಾಗ ಬಸ್ ಯಾಕೆ?"

"ನಮ್ಮನೇಲಿ ಇಲ್ಲ ಭಾವ," ಅಂದೆ.

"ತಗಳ್ರಿ, ಮತ್ತೆ. ಕೊಬ್ಬರಿಗೆ ಬೆಲೆ ಐತಲ್ಲ."

ಅವರ ಹೆಂಡತಿ ಒಳಗಿನಿಂದ ಬಂದು, ಗಂಡನ ಮುಖ ನೋಡದೆ ಪೆನ್ನು ಇಸಿದುಕೊಂಡು ಸಹಿ ಹಾಕಿ, ಹಾಗೇ ಒಳಗೆ ಹೋದಳು.

ಮನೆಗೆ ಬಂದಾಗ ಇವರು ಜಗಲಿಯ ಮೇಲೆ ಕಾಯಿ ಎಣಿಸುತ್ತಾ ಕೂತಿದ್ದರು. ಕೇಳಬಾರದು ಅಂದುಕೊಂಡಿದ್ದೆ. ಟೀಚರೇ ಹಾಳೆ ಮುಂದೆ ಹಿಡಿದಳು. ಕೈಯನ್ನು ಪಂಚೆಗೆ ಒರೆಸಿಕೊಂಡು, "ಎಲ್ಲಿ ಹಾಕ್ಬೇಕು?" ಅಂದರು. ನಾನು ತೋರಿಸಲಿಲ್ಲ, ಅವಳು ತೋರಿಸಿದಳು. ಸಹಿ ಹಾಕಿ ಪೆನ್ನು ಕೊಡುತ್ತಾ ನನ್ನನ್ನೇ ಕೇಳಿದರು, "ಇದ್ರಿಂದ ಬಸ್ ಬತ್ತದಾ?"

"ಗೊತ್ತಿಲ್ಲ," ಅಂದು ಒಳಗೆ ಹೋಗಿ ಒಲೆ ಹಚ್ಚಿದೆ.